ಮಳೆಗಾಲಕ್ಕೆ ಎಷ್ಟು ಅಕ್ಕಿ, ಎಷ್ಟು ಕಾಗದ? ವಿಶ್ವವಿದ್ಯಾಲಯದ ಖರೀದಿಗೊಂದು ಲೆಕ್ಕ

ಪ್ರಶ್ನೆ: ಕೊಡಗಿನಲ್ಲಿರುವ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಸ್ಟೋರ್ ಮತ್ತು ಖರೀದಿ ನೋಡಿಕೊಳ್ಳುತ್ತೇನೆ. ಹಾಸ್ಟೆಲ್ ಅಕ್ಕಿಯಿಂದ ಲ್ಯಾಬಿನ ಆಸಿಡ್‌ವರೆಗೆ ಎಲ್ಲ ನನ್ನ ತಲೆ ಮೇಲೇ. ಹೊಸದಾಗಿ ಬಂದ ಹಣಕಾಸು ಅಧಿಕಾರಿಗಳು "ಆಪ್ಟಿಮೈಸೇಶನ್ ಮಾಡೆಲ್ ಹಾಕಿ ಖರೀದಿ ಪ್ಲಾನ್ ಮಾಡಿ" ಎಂದಿದ್ದಾರೆ. ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದು ಡೆಮೊ ಕೊಟ್ಟು ಹೋದರು, ಬೆಲೆ ಕೇಳಿ ಗಾಬರಿಯಾಯಿತು. ನಾನು ಬಿ.ಕಾಂ ಓದಿದವಳು, ಗಣಿತ ಬಿಟ್ಟು ಇಪ್ಪತ್ತು ವರ್ಷ ಆಯಿತು. ಇದು ನಮ್ಮಂಥ ಕಡೆ ನಿಜಕ್ಕೂ ಕೆಲಸಕ್ಕೆ ಬರುತ್ತಾ? ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಕೆಲಸಕ್ಕೆ ಬರುತ್ತದೆ ಮೇಡಂ. ನೀವೇ ಮಾಡಿಕೊಳ್ಳಬಹುದು. ಆದರೆ ಡೆಮೊದಲ್ಲಿ ಬಣ್ಣಬಣ್ಣದ ಗ್ರಾಫ್ ತೋರಿಸಿ ಹೋದರಲ್ಲ, ಅದಲ್ಲ ಇದು.

ನಾನೂ ಸೋಮವಾರಪೇಟೆ ಕಡೆಯವನೇ. ಆಪರೇಶನ್ಸ್ ರಿಸರ್ಚ್ (ಇಂಥ ತೀರ್ಮಾನಗಳನ್ನು ಗಣಿತದಿಂದ ಮಾಡುವ ವಿದ್ಯೆ) ಪಾಠ ಮಾಡಿಕೊಂಡೇ ಹೊಟ್ಟೆ ಹೊರೆದವನು, ನಡುವೆ ಕೆಲವು ವರ್ಷ ಒಂದು ವಿದ್ಯಾಸಂಸ್ಥೆಯ ಖರೀದಿ ಸಮಿತಿಯಲ್ಲೂ ಕೂತಿದ್ದೆ. ಅಲ್ಲಿ ಕಲಿತದ್ದು ಒಂದು ವಿಷಯ. ಖರೀದಿ ಎಂದ ಕೂಡಲೇ ಎಲ್ಲರ ಕಣ್ಣೂ ಬೆಲೆಯ ಮೇಲೆ ಹೋಗುತ್ತದೆ. ಮೂರು ಕೊಟೇಶನ್ ಇಟ್ಟುಕೊಂಡು ಯಾರು ಎಲ್-1 (ಅತಿ ಕಡಿಮೆ ದರದವರು) ಎಂದು ನೋಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಬೆಲೆ ಟೆಂಡರಿನಲ್ಲಿ ಹೇಗೂ ತೀರ್ಮಾನ ಆಗುತ್ತದೆ. ಮಾದರಿ ಬೇಕಾಗುವುದು ಉಳಿದದ್ದಕ್ಕೆ: ಯಾವಾಗ ತರಿಸಬೇಕು, ಒಂದು ಸಲಕ್ಕೆ ಎಷ್ಟು, ಯಾವುದರ ಜೊತೆ ಯಾವುದು. ನಮ್ಮ ಜಿಲ್ಲೆಯಲ್ಲಿ ದುಡ್ಡು ಸೋರುವುದು ಜಾಸ್ತಿ ಈ ಮೂರರಲ್ಲೇ. ರೈಲು ಇಲ್ಲ, ಎಲ್ಲವೂ ರಸ್ತೆಯ ಮೇಲೇ ಬರಬೇಕು. ಆ ರಸ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಾತು ಕೇಳುವುದಿಲ್ಲ.

ಮೊದಲು "ಮಾದರಿ" ಅನ್ನುವ ಪದದ ಭಯ ಬಿಡಿಸುತ್ತೇನೆ. ಇದರಲ್ಲಿ ಮೂರೇ ಭಾಗ. ಒಂದು, ನೀವು ತೀರ್ಮಾನಿಸಬೇಕಾದ ಅಂಕಿಗಳು (ಜುಲೈಯಲ್ಲಿ ಎಷ್ಟು ಮೂಟೆ ಅಕ್ಕಿ ಕೊಳ್ಳಬೇಕು, ಹೀಗೆ). ಎರಡು, ಗುರಿ. ಸಾಮಾನ್ಯವಾಗಿ ವರ್ಷದ ಒಟ್ಟು ಖರ್ಚು ಆದಷ್ಟು ಕಡಿಮೆ ಆಗಬೇಕು ಎನ್ನುವುದು. ಮೂರು, ಷರತ್ತುಗಳು: ಸ್ಟೋರಿನಲ್ಲಿ ಇಷ್ಟೇ ಜಾಗ, ಬಜೆಟ್ ಇಷ್ಟೇ, ಅಕ್ಕಿ ಯಾವ ದಿನವೂ ಖಾಲಿಯಾಗಬಾರದು. ಇವಿಷ್ಟನ್ನು ಬರೆದುಕೊಟ್ಟರೆ ಕಂಪ್ಯೂಟರ್ ಅಂಕಿಗಳನ್ನು ಹುಡುಕಿಕೊಡುತ್ತದೆ. ನಮ್ಮಮ್ಮ ಮೇ ತಿಂಗಳಲ್ಲಿ ಸೌದೆ ಎಷ್ಟು ಸೀಳಿಸಬೇಕು ಎಂದು ಅಟ್ಟ ನೋಡಿ ಹೇಳುತ್ತಿದ್ದರು. ಅಟ್ಟ ಎಷ್ಟು ಹಿಡಿಯುತ್ತದೆ ಎನ್ನುವುದೇ ಅವರ ಷರತ್ತು.

ಈ ವಿದ್ಯೆಯ ಮೊದಮೊದಲ ಲೆಕ್ಕಗಳಲ್ಲಿ ಊಟದ ಲೆಕ್ಕವೂ ಒಂದು. 1945ರಲ್ಲಿ ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 77 ಆಹಾರ ಪದಾರ್ಥ, 9 ಪೋಷಕಾಂಶ ಇಟ್ಟುಕೊಂಡು, ಒಬ್ಬ ಮನುಷ್ಯ ವರ್ಷವಿಡೀ ಅತಿ ಅಗ್ಗವಾಗಿ ಹೇಗೆ ತಿನ್ನಬಹುದು ಎಂದು ಅಂದಾಜಿನಿಂದಲೇ ಲೆಕ್ಕ ಹಾಕಿದ. ಅವನಿಗೆ ಬಂದದ್ದು 39.93 ಡಾಲರ್. 1947ರಲ್ಲಿ ಜಾರ್ಜ್ ಡ್ಯಾಂಟ್ಜಿಗ್ ಎಂಬ ಗಣಿತಜ್ಞ ಇಂಥ ಲೆಕ್ಕ ಬಿಡಿಸಲು ಸಿಂಪ್ಲೆಕ್ಸ್ ಎಂಬ ವಿಧಾನ ಕಂಡುಹಿಡಿದ. ಅದನ್ನು ಪರೀಕ್ಷೆ ಮಾಡಲು ಇದೇ ಲೆಕ್ಕ ತೆಗೆದುಕೊಂಡರು. ಒಂಬತ್ತು ಜನ ಗುಮಾಸ್ತರು ಕೈಯಂತ್ರ ತಿರುಗಿಸುತ್ತಾ ಒಟ್ಟು 120 ಆಳುದಿನ ಕೂತು ತೆಗೆದ ನಿಖರ ಉತ್ತರ 39.69 ಡಾಲರ್. ಅಷ್ಟು ಒದ್ದಾಡಿ ಉಳಿದದ್ದು 24 ಸೆಂಟ್! ಸ್ಟಿಗ್ಲರ್‌ನ ಅಂದಾಜು ಅಷ್ಟು ಚೆನ್ನಾಗಿತ್ತು. ಇದನ್ನು ಯಾಕೆ ಹೇಳಿದೆ ಅಂದರೆ, ಇಪ್ಪತ್ತು ವರ್ಷ ಸ್ಟೋರ್ ನೋಡಿದವರ ಅಂದಾಜೂ ಬಹಳ ಸಲ ಹಾಗೇ ಇರುತ್ತದೆ. ಮಾದರಿ ಬಂದು ನಿಮ್ಮನ್ನು ದಡ್ಡರು ಮಾಡುವುದಿಲ್ಲ.

ಡ್ಯಾಂಟ್ಜಿಗ್‌ನದೇ ಇನ್ನೊಂದು ಕಥೆ ಇದೆ, ಇದು ನಿಮಗೆ ಜಾಸ್ತಿ ಬೇಕಾದದ್ದು. ಕೆಲವು ವರ್ಷದ ಮೇಲೆ ಅವನು ತೂಕ ಇಳಿಸಿಕೊಳ್ಳಲು ತನ್ನ ಊಟದ ಪಟ್ಟಿಯನ್ನೇ ಕಂಪ್ಯೂಟರಿಗೆ ಕೊಟ್ಟ. ಹೊಟ್ಟೆ ತುಂಬಿದ ಹಾಗಿರಬೇಕು ಎಂದು, ನೀರಿನ ಅಂಶ ಕಳೆದು ಉಳಿದ ತೂಕ ಆದಷ್ಟು ಜಾಸ್ತಿ ಇರಲಿ ಎನ್ನುವ ಗುರಿ ಇಟ್ಟ. ಕಂಪ್ಯೂಟರ್ ಹೇಳಿತು: ದಿನಕ್ಕೆ 500 ಗ್ಯಾಲನ್ ವಿನೆಗರ್ ಕುಡಿ. ಯಾಕೆಂದರೆ ಪಟ್ಟಿಯಲ್ಲಿ ವಿನೆಗರಿನ ನೀರಿನ ಅಂಶ ಸೊನ್ನೆ ಎಂದು ದಾಖಲಾಗಿತ್ತು. ಅದನ್ನು ತೆಗೆದು ಮತ್ತೆ ಓಡಿಸಿದರೆ ದಿನಕ್ಕೆ 200 ಸೂಪ್ ಕ್ಯೂಬ್ ತಿನ್ನು ಎಂದಿತು. ಒಂದು ದಿನಕ್ಕೆ ಇಷ್ಟೇ ಎಂಬ ಮಿತಿ ಯಾರೂ ಹಾಕಿರಲಿಲ್ಲ. ಮೊದಲನೆಯದು ದಾಖಲೆಯ ತಪ್ಪು, ಎರಡನೆಯದು ಬರೆಯದೆ ಬಿಟ್ಟ ಷರತ್ತು. ನಾನು ನೋಡಿದ ಪ್ರತಿ ಖರೀದಿ ಮಾದರಿಯೂ ಈ ಎರಡರಲ್ಲಿ ಒಂದಕ್ಕೆ ಮುಗ್ಗರಿಸಿದೆ.

ನನ್ನದೇ ಕೇಳಿ. ಲಾರಿ ಬಾಡಿಗೆ ಉಳಿಸಲು ಬೇರೆ ಬೇರೆ ವಿಭಾಗದ ಸಾಮಾನನ್ನು ಒಂದೇ ಟ್ರಿಪ್ಪಿಗೆ ಹಾಕುವ ಮಾದರಿ ಬರೆದಿದ್ದೆ. ಖರ್ಚು ಚೆನ್ನಾಗಿ ಇಳಿಯಿತು. ಪ್ರಿಂಟ್ ತೆಗೆದುಕೊಂಡು ಹೆಮ್ಮೆಯಿಂದ ಸ್ಟೋರಿಗೆ ಹೋದೆ. ಅಲ್ಲಿ ಹಳಬರೊಬ್ಬರು ಇದ್ದರು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದರು. "ಸಾರ್, ಆಗಸ್ಟ್ ಟ್ರಿಪ್ಪಲ್ಲಿ ಅಕ್ಕಿ, ಫಿನಾಯಿಲ್, ನೈಟ್ರಿಕ್ ಆಸಿಡ್ ಮೂರೂ ಒಂದೇ ಗಾಡೀಲಿ ಬರ್ತಿದೆ. ಅಕ್ಕಿ ನೀವು ತಿಂತೀರಾ?" ಎಂದರು. ಆವತ್ತೇ ಇನ್ನೊಂದು ಷರತ್ತು ಸೇರಿತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಎಲ್ಲ ಸಾಮಾನನ್ನೂ ಮಾದರಿಗೆ ತುರುಕಬೇಡಿ. ಸ್ಟಾಕ್ ರಿಜಿಸ್ಟರಿನಲ್ಲಿ ಆರುನೂರು ಐಟಂ ಇರಬಹುದು, ಆದರೆ ದುಡ್ಡಿನ ದೊಡ್ಡ ಪಾಲು ತಿನ್ನುವುದು ಮೂವತ್ತು ನಲವತ್ತು ಐಟಂ. ಕಳೆದ ಎರಡು ವರ್ಷದ ಬಿಲ್ಲುಗಳನ್ನು ಮೊತ್ತದ ಪ್ರಕಾರ ಇಳಿಕೆಯಲ್ಲಿ ಜೋಡಿಸಿ, ಮೇಲಿನ ಮೂವತ್ತು ಹಿಡಿಯಿರಿ. ಸ್ಟೇಪ್ಲರ್ ಪಿನ್ನಿಗೆ ಮಾದರಿ ಬೇಡ, ಒಂದು ಡಬ್ಬ ಹೆಚ್ಚಿಗೇ ತರಿಸಿಟ್ಟುಕೊಳ್ಳಿ. ಮತ್ತೆ, ಬಳಕೆ ಎಂದರೆ ಇಂಡೆಂಟಿನಲ್ಲಿ (ವಿಭಾಗದವರ ಬೇಡಿಕೆ ಚೀಟಿಯಲ್ಲಿ) ಕೇಳಿದ್ದಲ್ಲ, ಸ್ಟೋರಿನಿಂದ ನಿಜವಾಗಿ ಹೊರಗೆ ಹೋದದ್ದು. ಹೇಗೂ ಅರ್ಧವೇ ಸಿಗುವುದು ಎಂದು ಎಲ್ಲ ವಿಭಾಗದವರೂ ಎರಡು ಪಟ್ಟು ಬರೆಯುತ್ತಾರೆ, ಅಲ್ವಾ? ಆ ಅಂಕಿ ಹಾಕಿದರೆ ನಿಮ್ಮದೂ ವಿನೆಗರ್ ಕಥೆಯೇ.

ಸುಲಭದ್ದರಿಂದ ಶುರು ಮಾಡಿ. ಎ4 ಕಾಗದ. ವರ್ಷಕ್ಕೆ 2400 ರೀಮ್ ಖರ್ಚಾಗುತ್ತದೆ ಅಂದುಕೊಳ್ಳಿ. ಒಂದು ಸಲ ತರಿಸಲು, ಟಿಪ್ಪಣಿ ಹಾಳೆ ಓಡಾಡಿಸುವುದು, ಗಾಡಿ ಬಾಡಿಗೆ, ಹಮಾಲಿ, ಎಣಿಸಿ ರಿಜಿಸ್ಟರಿಗೆ ಹತ್ತಿಸುವುದು ಎಲ್ಲ ಸೇರಿ 1500 ರೂಪಾಯಿ. ಒಂದು ರೀಮನ್ನು ವರ್ಷವಿಡೀ ಇಟ್ಟುಕೊಂಡರೆ ಕಟ್ಟಿಬಿದ್ದ ದುಡ್ಡು, ಜಾಗ, ಥಂಡಿ ಹಿಡಿದು ಹಾಳಾಗುವುದು ಸೇರಿ 45 ರೂಪಾಯಿ. ಒಂದು ಸಲಕ್ಕೆ ಎಷ್ಟು ತರಿಸಬೇಕು? 1913ರಲ್ಲೇ ಫೋರ್ಡ್ ಹ್ಯಾರಿಸ್ ಎಂಬಾತ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ವರ್ಷದ ಬಳಕೆಯನ್ನು ಒಂದು ಆರ್ಡರಿನ ಖರ್ಚಿನಿಂದ ಗುಣಿಸಿ, ಎರಡು ಪಟ್ಟು ಮಾಡಿ, ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 2 × 2400 × 1500 ಅಂದರೆ 72 ಲಕ್ಷ. 45ರಿಂದ ಭಾಗಿಸಿದರೆ 1,60,000. ವರ್ಗಮೂಲ 400. ಎರಡು ತಿಂಗಳಿಗೊಮ್ಮೆ 400 ರೀಮ್, ವರ್ಷಕ್ಕೆ ಆರು ಸಲ. ತರಿಸುವ ಖರ್ಚು 9000, ಇಟ್ಟುಕೊಳ್ಳುವ ಖರ್ಚು (ಸರಾಸರಿ 200 ರೀಮ್ ಇರುತ್ತದೆ) ಅದೂ 9000, ಒಟ್ಟು 18,000.

ಈ ಸೂತ್ರದಲ್ಲಿ ಒಂದು ಒಳ್ಳೆಯ ಗುಣ ಇದೆ. 400ರ ಬದಲು 600 ರೀಮ್ ನಾಲ್ಕು ಸಲ ತರಿಸಿ ನೋಡಿ: 6000 + 13,500, ಒಟ್ಟು 19,500. ಅರ್ಧದಷ್ಟು ಹೆಚ್ಚು ತರಿಸಿದರೂ ಖರ್ಚು ಏರಿದ್ದು ನೂರಕ್ಕೆ ಎಂಟು ಚಿಲ್ಲರೆ. ಅಂದರೆ ನಿಮ್ಮ 45 ರೂಪಾಯಿ ಅಂದಾಜು ಸ್ವಲ್ಪ ಹೆಚ್ಚುಕಮ್ಮಿ ಆದರೂ ಮುಳುಗಿಹೋಗುವುದಿಲ್ಲ. ಮಾರ್ಚ್ ಕೊನೆಗೆ ಗ್ರಾಂಟ್ ವಾಪಸ್ ಹೋಗುತ್ತದೆ ಎಂದು ಇಡೀ 2400 ರೀಮ್ ಒಂದೇ ಸಲ ತರಿಸಿದರೆ ಮಾತ್ರ 1500 + 54,000. ಹೆಚ್ಚೂಕಡಿಮೆ ಮೂರು ಪಟ್ಟು! ಅದರಲ್ಲೂ ಮಾರ್ಚ್‌ನಲ್ಲಿ ಬಂದ ಕಾಗದ ಜೂನ್ ಜುಲೈಯ ಥಂಡಿಯಲ್ಲಿ ಕೂತಿರುತ್ತದೆ. ಥಂಡಿ ಎಳೆದ ಕಾಗದ ಜೆರಾಕ್ಸ್ ಮೆಷಿನ್ನಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ನಿಮಗೆ ನಾನು ಹೇಳಬೇಕಾ? ಪರೀಕ್ಷೆ ಹಿಂದಿನ ದಿನವೇ ಅದು ಕೈಕೊಡುವುದು.

ಇಲ್ಲಿ ನಿಮಗೆ ಒಂದು ಅನುಮಾನ ಬಂದೇ ಬರುತ್ತದೆ. ಆರು ಸಲ ಕೊಂಡರೆ ಆಡಿಟ್‌ನವರು "ತುಂಡು ಮಾಡಿ ಖರೀದಿ ಮಾಡಿದ್ದೀರಿ" ಎಂದು ಬರೆಯುವುದಿಲ್ವಾ? ಬರೆಯುತ್ತಾರೆ, ಅದು ಸರಿಯೂ ಹೌದು. ರಾಜ್ಯದ ವಿಶ್ವವಿದ್ಯಾಲಯಗಳಿಗೆ 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ ಕರ್ನಾಟಕದ ಕಾಯ್ದೆ) ಇದೆ, ಕೇಂದ್ರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ. ಟೆಂಡರ್ ತಪ್ಪಿಸಲು ಬೇಡಿಕೆಯನ್ನು ಚೂರು ಮಾಡುವ ಹಾಗಿಲ್ಲ. ಆದರೆ ಟೆಂಡರ್ ಬೇರೆ, ಸಾಮಾನು ಬರುವ ದಿನ ಬೇರೆ. ಇದನ್ನು ಬಹಳ ಜನ ಕಲಸಿಬಿಡುತ್ತಾರೆ. ವರ್ಷದ 2400 ರೀಮಿಗೂ ಒಂದೇ ಟೆಂಡರ್ ಕರೆದು ದರ ಒಪ್ಪಂದ ಮಾಡಿಕೊಳ್ಳಿ. ಸರಬರಾಜು ಆರು ಕಂತಿನಲ್ಲಿ, ಇಂತಿಂಥ ತಿಂಗಳು, ಬಿಲ್ಲೂ ಹಾಗೇ ಎಂದು ಟೆಂಡರ್ ಷರತ್ತಿನಲ್ಲೇ ಬರೆಯಿರಿ. ಕಾಯ್ದೆಗೂ ಸರಿ, ಲೆಕ್ಕಕ್ಕೂ ಸರಿ. ಇನ್ನೂ ಒಂದು ಲಾಭ ಇದೆ. ಫೈಲು ಓಡಾಟ ಒಂದೇ ಸಲ ಆಗುವುದರಿಂದ ಕಂತಿನ ಖರ್ಚು 1500ಕ್ಕಿಂತ ಇಳಿಯುತ್ತದೆ, ಆಗ ಸೂತ್ರ ಇನ್ನೂ ಚಿಕ್ಕ ಚಿಕ್ಕ ಕಂತು ಹೇಳುತ್ತದೆ. ಮೊದಲ ವರ್ಷ ನೀವು ಈ ಒಂದು ಕೆಲಸ ಮಾತ್ರ ಮಾಡಿದರೂ ಸಾಕು, ಕಂಪ್ಯೂಟರನ್ನು ಮುಟ್ಟುವುದೇ ಬೇಡ.

ಆದರೆ ಆ ಸೂತ್ರಕ್ಕೆ ಮಳೆಗಾಲ ಗೊತ್ತಿಲ್ಲ. ವರ್ಷದ ಹನ್ನೆರಡು ತಿಂಗಳೂ ಒಂದೇ ಎಂದುಕೊಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ. ಕಾಗದ ಮಳೆಗಾಲದಲ್ಲಿ ಕಡಿಮೆ ಇಟ್ಟುಕೊಳ್ಳಬೇಕು, ಅಕ್ಕಿ ಬೇಳೆ ಮಳೆಗಾಲಕ್ಕೆ ಮುಂಚೆ ಜಾಸ್ತಿ ಇಟ್ಟುಕೊಳ್ಳಬೇಕು. ಹಾಗೆಂದು ಅಕ್ಕಿಯನ್ನು ಲಂಗುಲಗಾಮಿಲ್ಲದೆ ತುಂಬಿದರೆ ಹುಳ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಇಂಥ ಎಳೆದಾಟಕ್ಕೆ ತಿಂಗಳು ತಿಂಗಳಿನ ಮಾದರಿ ಬೇಕು. 1958ರಲ್ಲಿ ವ್ಯಾಗ್ನರ್ ಮತ್ತು ವಿಟಿನ್ ಇಬ್ಬರೂ ಸೇರಿ ಇದಕ್ಕೆ ದಾರಿ ತೋರಿಸಿದರು. ಹೆಸರು ಮರೆತರೂ ಪರವಾಗಿಲ್ಲ. ಹಾಳೆಯ ಮೇಲೆ ಅದು ಹೀಗಿರುತ್ತದೆ.

ಅಡ್ಡಕ್ಕೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಂಬ. ಪ್ರತಿ ಐಟಮ್ಮಿಗೆ ನಾಲ್ಕು ಸಾಲು: ತಿಂಗಳ ಶುರುವಿನ ದಾಸ್ತಾನು, ಆ ತಿಂಗಳ ಖರೀದಿ, ಆ ತಿಂಗಳ ಬಳಕೆ, ಕೊನೆಯ ದಾಸ್ತಾನು. ಶುರುವಿನದಕ್ಕೆ ಖರೀದಿ ಕೂಡಿಸಿ ಬಳಕೆ ಕಳೆದರೆ ಕೊನೆಯದು, ಅದೇ ಮುಂದಿನ ತಿಂಗಳ ಶುರುವಿನದು. ಬಿ.ಕಾಂ ಓದಿದ ನಿಮಗೆ ಇದು ಹೊಸದಲ್ಲ. ಖರೀದಿ ಸಾಲು ಮಾತ್ರ ಖಾಲಿ ಬಿಡಿ, ಅದನ್ನು ತುಂಬುವುದು ಕಂಪ್ಯೂಟರ್. ಷರತ್ತು: ಕೊನೆಯ ದಾಸ್ತಾನು ಯಾವ ತಿಂಗಳೂ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು, ಎಲ್ಲ ಐಟಂ ಸೇರಿ ಸ್ಟೋರಿನ ಜಾಗ ಮೀರಬಾರದು. ಕೆಳಗೆ ಒಂದು ಸಾಲು ಲಾರಿಗೆ. ಆ ತಿಂಗಳು ಮೈಸೂರಿನಿಂದ ಲಾರಿ ಬಂದರೆ 1, ಬರದಿದ್ದರೆ 0. ಆ ತಿಂಗಳ ಒಟ್ಟು ಖರೀದಿ, ಲಾರಿ ಹೊರುವಷ್ಟು ತೂಕವನ್ನು ಈ 1 ಅಥವಾ 0ಯಿಂದ ಗುಣಿಸಿದ್ದಕ್ಕಿಂತ ಹೆಚ್ಚಾಗಬಾರದು. ಲಾರಿ ಬರದ ತಿಂಗಳು ಖರೀದಿ ತಾನಾಗಿಯೇ ಸೊನ್ನೆ. ನೋಡಲು ಸಣ್ಣ ಉಪಾಯ, ಆದರೆ ಅರ್ಧ ಖಾಲಿ ಗಾಡಿಗೆ ಪೂರ್ತಿ ಬಾಡಿಗೆ ಕೊಡುವುದನ್ನು ಇದೇ ತಪ್ಪಿಸುತ್ತದೆ. ಅಕ್ಕಿ ಬರುವ ಗಾಡಿ ಬೇರೆ, ಆಸಿಡ್ ಬರುವ ಗಾಡಿ ಬೇರೆ ಎಂದು ಎರಡು ಸಾಲು ಹಾಕುವುದನ್ನು ಮರೆಯಬೇಡಿ, ಪಾಠ ನಾನು ಕಲಿತಾಗಿದೆ.

"ಇಷ್ಟಕ್ಕಿಂತ ಕೆಳಗೆ ಇಳಿಯಬಾರದು" ಎಂದೆನಲ್ಲ, ಆ "ಇಷ್ಟು" ಎಷ್ಟು? ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅಂಕಿ ಇದೇ. ಹಾಸ್ಟೆಲ್‌ನಲ್ಲಿ ಇನ್ನೂರು ಮಕ್ಕಳು, ಒಬ್ಬರಿಗೆ ದಿನಕ್ಕೆ 300 ಗ್ರಾಂ ಅಕ್ಕಿ ಎಂದರೆ ದಿನಕ್ಕೆ 60 ಕಿಲೊ. ಫೆಬ್ರವರಿಯಲ್ಲಿ ಫೋನ್ ಮಾಡಿದ ಏಳು ದಿನಕ್ಕೆ ಅಕ್ಕಿ ಬರುತ್ತದೆ ಅಂದುಕೊಳ್ಳಿ. ಆಗ 420 ಕಿಲೊ, ಅಂದರೆ 25 ಕಿಲೊದ 17 ಮೂಟೆ ಉಳಿದಾಗ ಆರ್ಡರ್ ಹಾಕಿದರೆ ಸಾಕು. ಜುಲೈಯಲ್ಲಿ ಅದೇ ಹದಿನೈದು ದಿನ ಆಗಬಹುದು. ಆಗ 900 ಕಿಲೊ, 36 ಮೂಟೆ ಇದ್ದಾಗಲೇ ಆರ್ಡರ್ ಹೋಗಬೇಕು. ಆದರೆ ಬಹಳ ಸ್ಟೋರುಗಳಲ್ಲಿ ವರ್ಷವಿಡೀ ಒಂದೇ ಗೆರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "20 ಮೂಟೆ" ಎಂದು ಬರೆದಿರುತ್ತದೆ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ಗೆ ಇನ್ನೊಂದು ಗೆರೆ ಎಳೆಯಿರಿ.

ಹದಿನೈದು ದಿನ ಎಂದದ್ದು ಹೆದರಿಸಲು ಅಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು, ನಿಮಗೂ ನೆನಪಿರುತ್ತದೆ. ಜೋರು ಮಳೆಯಲ್ಲಿ ಭಾರಿ ವಾಹನಗಳನ್ನು ಜಿಲ್ಲಾಡಳಿತ ತಡೆಯುವುದೂ ಇದ್ದದ್ದೇ. ಮಂಗಳೂರು ಕಡೆಯಿಂದ ಬರುವ ಸಾಮಾನಿದ್ದರೆ ಅದಕ್ಕೆ ಬೇರೆಯೇ ಲೆಕ್ಕ ಇಡಿ, ಹುಣಸೂರು ಕುಶಾಲನಗರ ದಾರಿಯಲ್ಲಿ ಬರುವುದಕ್ಕೆ ಬೇರೆ. ಮಾದರಿ ಒಮ್ಮೆ ತಯಾರಾದ ಮೇಲೆ ಒಂದು ಆಟ ಆಡಿ ನೋಡಿ: ಜುಲೈಯಲ್ಲಿ ಯಾವ ಲಾರಿಯೂ ಇಲ್ಲ ಎಂದು ಲಾರಿ ಸಾಲಿನಲ್ಲಿ ನೀವೇ 0 ಹಾಕಿ ಮತ್ತೆ ಓಡಿಸಿ. ವರ್ಷದ ಖರ್ಚು ಎಷ್ಟು ಏರಿತು ನೋಡಿ. ನಾಲ್ಕೈದು ಸಾವಿರ ಏರಿದರೆ ಸುಮ್ನೆ ಆ ಯೋಜನೆಯನ್ನೇ ಇಟ್ಟುಕೊಳ್ಳಿ, ಅದು ವಿಮೆ ಕಂತು ಕಟ್ಟಿದ ಹಾಗೆ. ಹಣಕಾಸು ಅಧಿಕಾರಿಗಳಿಗೆ "ರಸ್ತೆ ಬಂದ್ ಆದರೂ ಮಕ್ಕಳಿಗೆ ಅನ್ನ ಇರಬೇಕಾದರೆ ಇಷ್ಟು ರೂಪಾಯಿ" ಎಂದು ಒಂದು ಅಂಕಿ ತೋರಿಸಬಹುದು. "ಮಳೆ ಸಾರ್, ಏನು ಮಾಡೋದು" ಎನ್ನುವುದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ.

ಡೀಸೆಲ್ ಬಗ್ಗೆ ಒಂದು ಮಾತು. ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಜನರೇಟರ್ ಓಡುತ್ತಲೇ ಇರಬೇಕು. ಹಾಗಾಗಿ ಮಾದರಿ ಮೇ ತಿಂಗಳಲ್ಲೇ ಸಿಕ್ಕಾಪಟ್ಟೆ ಡೀಸೆಲ್ ತುಂಬಿಸು ಎನ್ನಬಹುದು. ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ ಇಡಬಹುದಾದ್ದು ಒಟ್ಟು 2500 ಲೀಟರ್, ಅದೂ ಯಾವ ಪಾತ್ರೆಯೂ 1000 ಲೀಟರ್ ಮೀರಬಾರದು ಎಂದು 1934ರ ಪೆಟ್ರೋಲಿಯಂ ಕಾಯ್ದೆ ಹೇಳುತ್ತದೆ. ಆ ಮಿತಿಯನ್ನು ಹಾಳೆಯಲ್ಲಿ ಹಾಕಿ. ಕಂಪ್ಯೂಟರಿಗೆ ಬೆಂಕಿಯ ಭಯ ಇಲ್ಲ.

ತರಕಾರಿ, ಹಾಲು ಬೇರೆ ಜಾತಿ. ಉಳಿಸಿಡಲು ಬರುವುದಿಲ್ಲ, ದಿನದ್ದು ದಿನಕ್ಕೆ. ಶನಿವಾರ ಎಷ್ಟು ಮಕ್ಕಳು ಊರಿಗೆ ಹೋಗುತ್ತಾರೋ ಯಾರಿಗೆ ಗೊತ್ತು, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಸಮಯದಲ್ಲಂತೂ ಹಾಸ್ಟೆಲ್ ಅರ್ಧ ಖಾಲಿ. ಇಲ್ಲಿ ಲೆಕ್ಕ ಸರಳ. ಒಂದು ಊಟ ಹೆಚ್ಚಾಗಿ ಚೆಲ್ಲಿದರೆ 40 ರೂಪಾಯಿ ನಷ್ಟ, ಒಂದು ಊಟ ಕಡಿಮೆ ಬಿದ್ದು ಹೊರಗಿನಿಂದ ತರಿಸಿದರೆ 60 ರೂಪಾಯಿ ಮೈಮೇಲೆ ಅಂದುಕೊಳ್ಳಿ. 60ನ್ನು ಎರಡರ ಮೊತ್ತ 100ರಿಂದ ಭಾಗಿಸಿದರೆ 0.6. ಅಂದರೆ ಹತ್ತು ಶನಿವಾರಗಳಲ್ಲಿ ಆರು ಶನಿವಾರ ಸಾಕಾಗುವಷ್ಟು ಮಾಡಿ. ಹಳೆಯ ಹಾಜರಿ ಪುಸ್ತಕದಿಂದ ಶನಿವಾರಗಳ ಸಂಖ್ಯೆ ತೆಗೆದು ಏರಿಕೆಯಲ್ಲಿ ಜೋಡಿಸಿ, ಹತ್ತರಲ್ಲಿ ಆರನೆಯದು ನಿಮ್ಮ ಅಂಕಿ. ಹಬ್ಬದ ವಾರ ಬೇರೆ ಪಟ್ಟಿ.

ಇನ್ನು ಉಪಕರಣಗಳು. ಇಲ್ಲಿ ಲೆಕ್ಕಕ್ಕಿಂತ ಜಗಳ ಜಾಸ್ತಿ. ಬಜೆಟ್ 10 ಲಕ್ಷ ಎಂದಿಟ್ಟುಕೊಳ್ಳಿ, ಎಲ್ಲ ವಿಭಾಗದವರೂ ಇಂಡೆಂಟಿನ ಮೇಲೆ "ಅತಿ ತುರ್ತು" ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತಾರೆ. ನಾವು ಮಾಡಿದ್ದು ಇಷ್ಟು: ಪ್ರತಿ ವಿಭಾಗಕ್ಕೆ 100 ಅಂಕ ಕೊಟ್ಟು, ನಿಮ್ಮ ಬೇಡಿಕೆಗಳ ಮೇಲೆ ನೀವೇ ಹಂಚಿ ಎಂದೆವು. ಎಲ್ಲದಕ್ಕೂ ನೂರು ಕೊಡಲು ಬರುವುದಿಲ್ಲ, ತಾವಾಗಿಯೇ ದಾರಿಗೆ ಬಂದರು. ಆಮೇಲೆ ಆಯ್ಕೆ. ಸ್ಪೆಕ್ಟ್ರೊಫೋಟೊಮೀಟರ್ 6 ಲಕ್ಷ, 66 ಅಂಕ. ಕಂಪ್ಯೂಟರ್ ಲ್ಯಾಬಿನ ಯುಪಿಎಸ್ 5 ಲಕ್ಷ, 50 ಅಂಕ. ಹಾಸ್ಟೆಲಿನ ಸೋಲಾರ್ ಹೀಟರ್ 5 ಲಕ್ಷ, 50 ಅಂಕ. ಲಕ್ಷಕ್ಕೆ ಅತಿ ಹೆಚ್ಚು ಅಂಕ ಯಾವುದಕ್ಕೋ ಅದನ್ನು ಮೊದಲು ತೆಗೆದುಕೊಳ್ಳೋಣ ಎಂದರೆ ಸ್ಪೆಕ್ಟ್ರೊಫೋಟೊಮೀಟರ್ ಬರುತ್ತದೆ, ಉಳಿದ 4 ಲಕ್ಷಕ್ಕೆ ಏನೂ ಬರುವುದಿಲ್ಲ, ಒಟ್ಟು 66. ಅದನ್ನು ಬಿಟ್ಟು ಉಳಿದೆರಡು ತೆಗೆದುಕೊಂಡರೆ 100, ದುಡ್ಡೂ ಪೂರ್ತಿ ಖರ್ಚು. ಮೂರು ಐಟಂ ಇದ್ದಾಗ ಕಣ್ಣಿಗೇ ಕಾಣುತ್ತದೆ. ನಲವತ್ತು ಇದ್ದಾಗ ಕಾಣುವುದಿಲ್ಲ, ಕಂಪ್ಯೂಟರ್ ಕ್ಷಣದಲ್ಲಿ ಹುಡುಕುತ್ತದೆ. ಬೆಲೆ ಹಾಕುವಾಗ ಮೆಷಿನ್ನಿನ ಜೊತೆ ಐದು ವರ್ಷದ ಟೋನರ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ರಿಪೇರಿಯನ್ನೂ ಕೂಡಿಸಿ. ಅಗ್ಗದ ಪ್ರಿಂಟರ್ ಎರಡೇ ವರ್ಷದಲ್ಲಿ ತನ್ನ ಬೆಲೆಯಷ್ಟು ಟೋನರ್ ಕುಡಿದದ್ದನ್ನು ನೋಡಿದ್ದೇನೆ.

ಷರತ್ತುಗಳಿಂದ ಇನ್ನೊಂದು ಉಪಯೋಗ ಇದೆ, ನನಗೆ ತುಂಬ ಇಷ್ಟವಾದದ್ದು. ಯಾವ ಷರತ್ತು ನಿಮ್ಮನ್ನು ನಿಜವಾಗಿ ಕಟ್ಟಿಹಾಕಿದೆ ಎಂದು ಮಾದರಿ ಹೇಳುತ್ತದೆ. ಸ್ಟೋರಿನಲ್ಲಿ ಇನ್ನೂ ಹತ್ತು ಮೂಟೆ ಇಡಲು ಜಾಗ ಇದ್ದಿದ್ದರೆ ವರ್ಷಕ್ಕೆ ಎಷ್ಟು ಉಳಿಯುತ್ತಿತ್ತು? ಪುಸ್ತಕಗಳಲ್ಲಿ ಇದಕ್ಕೆ ನೆರಳು ಬೆಲೆ ಎನ್ನುತ್ತಾರೆ. ಲಾರಿಯ 0 ಮತ್ತು 1 ಇರುವ ಮಾದರಿಯಲ್ಲಿ ಅದು ನೇರವಾಗಿ ಸಿಗುವುದಿಲ್ಲ, ನೀವೇ ಜಾಗದ ಅಂಕಿ 80 ಮೂಟೆ ಇದ್ದದ್ದನ್ನು 90 ಮಾಡಿ ಮತ್ತೆ ಓಡಿಸಿ ವ್ಯತ್ಯಾಸ ನೋಡಬೇಕು. ನಾವು ಹಾಗೆ ನೋಡಿದಾಗ ಬಜೆಟ್ ಅಲ್ಲ, ಜಾಗವೇ ಕಟ್ಟಿಹಾಕಿದ್ದು ಗೊತ್ತಾಯಿತು. ಜಾಗ ಎಲ್ಲಿ ಹೋಗಿತ್ತು ಅಂತೀರಿ? ಸ್ಟೋರಿನ ಹಿಂದಿನ ಕೋಣೆ ತೆಗೆದರೆ ಕಾಲು ಮುರಿದ ಕುರ್ಚಿ, ಹಳೇ ಟ್ಯೂಬ್‌ಲೈಟ್ ಪಟ್ಟಿ, ಸತ್ತುಹೋದ ಮಾನಿಟರುಗಳು. ಸಮಿತಿ ಕೂತು ಕಂಡೆಮ್ ಮಾಡದೆ (ಕೆಲಸಕ್ಕೆ ಬಾರದ್ದು ಎಂದು ಬರೆದುಕೊಡದೆ) ಹರಾಜು ಹಾಕುವ ಹಾಗಿಲ್ಲ, ಸಮಿತಿ ಕೂರಲು ಯಾರಿಗೂ ಪುರುಸೊತ್ತಿಲ್ಲ. ಆ ಕೋಣೆ ಖಾಲಿಯಾದ ವರ್ಷ ಮಳೆಗಾಲದಲ್ಲಿ ತುರ್ತು ಖರೀದಿ ಒಂದೂ ಆಗಲಿಲ್ಲ. ಹೊಸ ಗೋದಾಮು ಕಟ್ಟಿಸಿ ಎಂದು ಬರೆಯಲು ಹೊರಟಿದ್ದೆವು!

ಯಾವುದರಲ್ಲಿ ಮಾಡುವುದು? ಎಕ್ಸೆಲ್‌ನಲ್ಲೇ ಸಾಲ್ವರ್ ಎಂಬ ಸೌಲಭ್ಯ ಇದೆ, ಆದರೆ ಅದು 200 ಅಂಕಿಗಳವರೆಗೆ ಮಾತ್ರ ಹುಡುಕುತ್ತದೆ. ಮೂವತ್ತು ಐಟಂ, ಹನ್ನೆರಡು ತಿಂಗಳು ಎಂದರೆ 360 ಆಯಿತು, ಸಾಲದು. ಎಕ್ಸೆಲ್‌ಗೇ ಸೇರಿಸಿಕೊಳ್ಳುವ ಓಪನ್‌ಸಾಲ್ವರ್ ಉಚಿತ, ಅದಕ್ಕೆ ಆ ಮಿತಿ ಇಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಸಾಲ್ವರ್ ಇದೆ, ಅದೂ ಉಚಿತ. ಕ್ಯಾಂಪಸ್ಸಿನಲ್ಲಿ ಎಂಸಿಎ ಅಥವಾ ಸ್ಟಾಟಿಸ್ಟಿಕ್ಸ್ ಮಕ್ಕಳಿದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಲೆಕ್ಕಕ್ಕೆಂದೇ ಇರುವ ಪಲ್ಪ್ ಬಳಸಿ ಪ್ರಾಜೆಕ್ಟ್ ಮಾಡಿಕೊಡುತ್ತಾರೆ, ಅವರಿಗೂ ನಿಜವಾದ ಲೆಕ್ಕ ಸಿಕ್ಕ ಹಾಗಾಗುತ್ತದೆ. ಒಂದೇ ಎಚ್ಚರಿಕೆ, ಪ್ರಾಜೆಕ್ಟ್ ಮುಗಿಸಿ ಅವರು ಹೊರಟುಹೋದ ಮೇಲೂ ಆ ಹಾಳೆ ನಿಮಗೆ ಅರ್ಥವಾಗಬೇಕು. ಹಾಗಾಗಿ ಮೊದಲ ಮಾದರಿ ನೀವೇ ಕ್ಯಾಲ್ಕ್‌ನಲ್ಲಿ ಮಾಡಿ, ಐದೇ ಐಟಂ ಇಟ್ಟು: ಅಕ್ಕಿ, ತೊಗರಿಬೇಳೆ, ಎಣ್ಣೆ, ಎ4 ಕಾಗದ, ಡೀಸೆಲ್. ಐದು ಹನ್ನೆರಡಲ ಅರವತ್ತು ಅಂಕಿ, ಅಷ್ಟೇ. ಈ ವರ್ಷ ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ನಿಮ್ಮ ರೂಢಿಯಂತೆಯೇ ಖರೀದಿ ಮಾಡಿ. ಎಲ್ಲಿ ಎರಡೂ ಬೇರೆ ಹೇಳುತ್ತವೋ ಅಲ್ಲಿ ನಿಂತು ಯಾರು ಸರಿ ಎಂದು ನೋಡಿ. ಕೆಲವು ಸಲ ಅದು ಸರಿ ಇರುತ್ತದೆ. ಕೆಲವು ಸಲ ನಿಮಗೆ ಗೊತ್ತಿದ್ದೂ ಹಾಳೆಗೆ ಬರೆಯದೆ ಬಿಟ್ಟ ಷರತ್ತು ಸಿಗುತ್ತದೆ.

ಆ ಕಂಪನಿಯವರು ಮತ್ತೆ ಬಂದರೆ ಬೇಡ ಎಂದು ವಾಪಸ್ ಕಳಿಸಬೇಡಿ. ಮೂರು ಪ್ರಶ್ನೆ ಕೇಳಿ. ಜುಲೈಗೆ ಹದಿನೈದು ದಿನ, ಫೆಬ್ರವರಿಗೆ ಏಳು ದಿನ ಎಂದು ಬೇರೆ ಬೇರೆ ಹಾಕಲು ನಿಮ್ಮ ಸಾಫ್ಟ್‌ವೇರ್‌ನಲ್ಲಿ ಜಾಗ ಎಲ್ಲಿದೆ ತೋರಿಸಿ. ಅಕ್ಕಿ ಮತ್ತು ಆಸಿಡ್ ಒಂದೇ ಗಾಡಿಯಲ್ಲಿ ಬರಬಾರದು ಎಂದು ಎಲ್ಲಿ ಬರೆಯಬೇಕು ತೋರಿಸಿ. ಒಂದೇ ಟೆಂಡರ್, ಆರು ಕಂತು ಎನ್ನುವುದನ್ನು ಅದು ಒಂದು ಖರೀದಿ ಎನ್ನುತ್ತದಾ, ಆರು ಎನ್ನುತ್ತದಾ? ನಿಮ್ಮ ರಿಜಿಸ್ಟರಿನ ಒಂದು ಪುಟವನ್ನೇ ಕೊಟ್ಟು ಅಲ್ಲೇ ಕೂತು ಮಾಡಿ ತೋರಿಸಲಿ. ತೋರಿಸಿದರೆ ಬೆಲೆಯ ಮಾತು ಆಡಬಹುದು. ಆಗದಿದ್ದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ, ದೂರದಿಂದ ಬಂದಿರುತ್ತಾರೆ ಪಾಪ.